ಚಿಗರಿಯ ದಾರಿಯೂ ನಮ್ಮ ಕರ್ತವ್ಯವೂ

ಹುಬ್ಬಳ್ಳಿ-ಧಾರವಾಡಗಳ ನಡುವೆ ಓಡುವ ಚಿಗರಿ ಬಸ್ಸುಗಳ ದಾರಿಯ ವಿಷಯವಾಗಿ ಅವಳಿ ನಗರಗಳಲ್ಲಿ ಬಹು ದಿನಗಳಿಂದ ವಾದವು ನಡೆದಿರುವದನ್ನು ವಾಚಕರು ಬಲ್ಲರು. ರಸ್ತೆಯ ನಡುಭಾಗವನ್ನು ಬಸ್ಸುಗಳಿಗೆ ಮೀಸಲಿಟ್ಟದ್ದೇ ತಪ್ಪು, ಬೇಲಿಯನ್ನು ಕಿತ್ತು ಆ ದಾರಿಯನ್ನು ಎಲ್ಲ ವಾಹನಗಳಿಗೂ ತೆರೆಯಬೇಕು ಎಂದು ಹಲವರು ಹೇಳುತ್ತಿರುವರು. ಇದನ್ನು ಬಿಟ್ಟು ಬೇರೊಂದು ಹೊಸ ವ್ಯವಸ್ಥೆಯನ್ನೇ ತರುವದು ಲೇಸೆಂದು ಇನ್ನು ಕೆಲವರ ಮತ. ಹೀಗೆ ಹೇಳುವವರು ಜನಹಿತದ ವೈರಿಗಳೆಂದು ನಾವು ಭಾವಿಸುವದಿಲ್ಲ. ಅವರ ದೂರುಗಳಲ್ಲಿ ನಿಜಾಂಶವಿದೆ. ಆದರೆ ದೂರು ನಿಜವಾದ ಮಾತ್ರಕ್ಕೆ ಅದಕ್ಕೆ ಸೂಚಿಸಿದ ಮದ್ದೂ ಸರಿಯಾಗಿರಬೇಕೆಂಬ ನಿಯಮವಿಲ್ಲ.

ಮೊದಲು ಈ ಎರಡು ಊರುಗಳ ಸಂಬಂಧವನ್ನು ನೆನೆಯೋಣ. ಇವುಗಳ ನಡುವಿನ ಅಂತರವು ಸುಮಾರು ೨೦ ಕಿಲೋಮೀಟರು. ೧೯೬೨ರಲ್ಲಿ ಎರಡನ್ನೂ ಒಂದೇ ಪಾಲಿಕೆಯ ಆಡಳಿತಕ್ಕೆ ತಂದರು. ವಿಶ್ವವಿದ್ಯಾಲಯಗಳು, ಜಿಲ್ಲಾ ಕಚೇರಿಗಳು, ಉಚ್ಚ ನ್ಯಾಯಾಲಯದ ಪೀಠ ಇವು ಧಾರವಾಡದಲ್ಲಿವೆ. ದೊಡ್ಡ ಪೇಟೆ, ಸರಕಾರಿ ದೊಡ್ಡಾಸ್ಪತ್ರೆ, ೨೦೦೩ರಲ್ಲಿ ಹುಟ್ಟಿದ ನೈಋತ್ಯ ರೇಲ್ವೆಯ ಮುಖ್ಯ ಕಚೇರಿ ಇವು ಹುಬ್ಬಳ್ಳಿಯಲ್ಲಿವೆ. ಆದುದರಿಂದ ಒಂದೂರಿನಲ್ಲಿ ಮನೆ, ಇನ್ನೊಂದೂರಿನಲ್ಲಿ ಕೆಲಸ ಎಂಬ ಸ್ಥಿತಿ ಸಾವಿರಾರು ಕುಟುಂಬಗಳಿಗೆ ಒದಗಿದೆ. ಕಾರಕೂನನೂ ವಿದ್ಯಾರ್ಥಿಯೂ ಕಾಯಿಪಲ್ಲೆ ಮಾರುವ ಹೆಣ್ಣುಮಗಳೂ ನಿತ್ಯವೂ ಹಿಡಿಯುವ ದಾರಿಯಿದು. ಇಲ್ಲಿ ಪ್ರತಿದಿನ ಅರ್ಧ ತಾಸು ಉಳಿದರೂ ಬಡವನ ಬಾಳಿನಲ್ಲಿ ಅದು ಸಣ್ಣ ಲಾಭವಲ್ಲ.

ಈ ಅಗತ್ಯವನ್ನು ಪೂರೈಸಲೆಂದೇ ಸುಮಾರು ೨೨ ಕಿಲೋಮೀಟರಿನ ಬಸ್ಸಿನ ದಾರಿಯು ನಿರ್ಮಾಣವಾಯಿತು. ೨೦೧೮ರ ಅಕ್ಟೋಬರದಲ್ಲಿ ಬಸ್ಸುಗಳು ಪ್ರಯೋಗಾರ್ಥವಾಗಿ ಓಡತೊಡಗಿದವು. ೨೦೨೦ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾದ ಉದ್ಘಾಟನೆಯಾಯಿತು. ಇದರ ರಚನೆಯಲ್ಲಿ ವಿಚಾರವಿದೆ. ನಿಲ್ದಾಣದ ಕಟ್ಟೆಯು ಬಸ್ಸಿನ ನೆಲಕ್ಕೆ ಸಮವಾಗಿರುವದರಿಂದ ಮುದುಕರಿಗೂ ಮೆಟ್ಟಿಲು ಹತ್ತುವ ಕಷ್ಟವಿಲ್ಲ. ಬಸ್ಸನ್ನೇರುವ ಮೊದಲೇ ಟಿಕೀಟು ಪಡೆಯುವದರಿಂದ ಬಸ್ಸು ನಿಲ್ದಾಣದಲ್ಲಿ ಕಾಯಬೇಕಾಗಿಲ್ಲ. ನಿಲ್ದಾಣಗಳ ಬಳಿ ಹೆಚ್ಚಿನ ದಾರಿಯಿರುವದರಿಂದ ತಡೆಯಿಲ್ಲದೆ ಹೋಗುವ ಬಸ್ಸು ನಿಂತ ಬಸ್ಸನ್ನು ದಾಟಿ ಮುಂದೆ ಸಾಗಬಹುದು.

ಹಾಗಾದರೆ ಆಕ್ಷೇಪವೇನು? ಪಕ್ಕದ ದಾರಿಯಲ್ಲಿ ವಾಹನಗಳು ಕಿಕ್ಕಿರಿದು ನಿಂತಿರುವಾಗ ನಡುವಿನ ದಾರಿಯು ಬರಿದಾಗಿ ಬಿದ್ದಿರುತ್ತದೆ ಎಂಬುದೇ ಮುಖ್ಯ ಆಕ್ಷೇಪವು. ಕಣ್ಣಿಗೆ ಕಾಣುವದು ಹಾಗೆಯೇ. ಆದರೆ ಇಲ್ಲಿ ಕಣ್ಣು ಮೋಸಹೋಗುವದು. ನಿಮಿಷಕ್ಕೊಂದು ಬಸ್ಸು ಬರುವದೆಂದು ಎಣಿಸೋಣ. ಒಂದು ಬಸ್ಸು ನಮ್ಮೆದುರು ಹಾಯ್ದು ಹೋಗಲು ಎರಡು ಮೂರು ಕ್ಷಣ ಸಾಕು. ನಿಮಿಷದ ಉಳಿದ ಭಾಗವೆಲ್ಲ ದಾರಿಯು ಬರಿದೇ. ಆದರೆ ಬಸ್ಸಿಗೆ ೫೦ ಜನರಂತೆ ತಾಸಿನಲ್ಲಿ ೩,೦೦೦ ಜನರು ಅಲ್ಲಿ ಸಾಗಿರುವರು. ಅಷ್ಟೇ ಅಗಲದ ಪಕ್ಕದ ದಾರಿಯಲ್ಲಿ, ದೀಪಕ್ಕಾಗಿ ನಿಂತು ನಿಂತು ಹೋಗುವ ಕಾರುಗಳು ತಾಸಿಗೆ ೯೦೦ ದಾಟಿದವೆಂದು ಇಟ್ಟುಕೊಂಡರೂ, ಕಾರಿಗೆ ಒಂದೂವರೆ ಜನರಂತೆ ೧,೩೫೦ ಜನರಷ್ಟೇ ಆದರು. ದ್ವಿಚಕ್ರಗಳು ಬೆರೆತರೆ ಈ ಅಂಕೆಯು ಏರುವದು ನಿಜ. ಆದರೆ ತುಂಬಿದ ದಾರಿಯಲ್ಲಿ ಮತ್ತೊಬ್ಬರಿಗೆ ಎಡೆಯಿಲ್ಲ, ಬಸ್ಸಿನ ದಾರಿಯಲ್ಲಿ ಇನ್ನೂ ಎಡೆಯಿದೆ. ಯಾವದು ಬರಿದು, ಯಾವದು ತುಂಬಿದ್ದು ಎಂಬುದನ್ನು ವಾಚಕರೇ ನಿರ್ಣಯಿಸಲಿ. ಭಾರತ ಸರಕಾರವು ೨೦೦೬ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ನಗರ ಸಾರಿಗೆ ನೀತಿಯೂ ವಾಹನಗಳ ಸಂಚಾರಕ್ಕಿಂತ ಜನರ ಸಂಚಾರವೇ ಮುಖ್ಯವೆಂಬ ತತ್ವವನ್ನು ಅಂಗೀಕರಿಸಿದೆ.

ಆದರೆ ಈ ಲೆಕ್ಕವೆಲ್ಲ ಒಂದು ಷರತ್ತಿಗೆ ಒಳಪಟ್ಟಿದೆ: ಬಸ್ಸು ಬರಬೇಕು. ಹತ್ತು ನಿಮಿಷಕ್ಕೊಂದು ಬಂದರೆ ೩,೦೦೦ ಜನರು ೩೦೦ ಆಗುವರು. ಆಗ ದಾರಿಯು ನಿಜವಾಗಿಯೂ ಬರಿದೇ, ದೂರುವವರ ಮಾತೇ ಸರಿ. ಆದುದರಿಂದ ಕೇಳಬೇಕಾದದ್ದು ಬೇಲಿಯನ್ನು ಕೀಳಿರೆಂದಲ್ಲ, ಬಸ್ಸುಗಳನ್ನು ಹೆಚ್ಚಿಸಿರೆಂದು.

ಬೇಲಿ ಕಿತ್ತರೆ ಪಕ್ಕದ ದಾರಿಯ ದಟ್ಟಣೆಯಾದರೂ ನಿಲ್ಲುವದೋ? ನಿಲ್ಲುವದೆಂದು ನಂಬಲು ಆಧಾರವಿಲ್ಲ. ಅಮೇರಿಕೆಯ ಅರ್ಥಶಾಸ್ತ್ರಜ್ಞ ಆಂಥೊನಿ ಡೌನ್ಸರು ೧೯೬೨ರಲ್ಲಿಯೇ ಈ ವಿಷಯವನ್ನು ವಿವೇಚಿಸಿದರು. ದೊಡ್ಡ ನಗರದ ಹೆದ್ದಾರಿಯನ್ನು ಅಗಲಿಸಿದರೆ ಬೇರೆ ದಾರಿಯಿಂದ, ಬೇರೆ ವೇಳೆಯಲ್ಲಿ, ಇಲ್ಲವೆ ಸಾರ್ವಜನಿಕ ವಾಹನದಲ್ಲಿ ಹೋಗುತ್ತಿದ್ದವರು ಅದಕ್ಕೇ ಬಂದು ಸೇರಿ ಅದನ್ನು ಮತ್ತೆ ತುಂಬುವರೆಂದು ಅವರು ತೋರಿಸಿಕೊಟ್ಟರು. ನಮ್ಮಲ್ಲಿಯೂ ಅದೇ ಆದೀತು. ಬಸ್ಸು ನಿಧಾನವಾದರೆ ಬಸ್ಸಿನವನು ಸಾಲ ಮಾಡಿಯಾದರೂ ಮೋಟಾರು ಸೈಕಲ್ಲು ಕೊಳ್ಳುವನು. ಹಾಗೆ ಕೊಂಡ ಪ್ರತಿಯೊಂದು ವಾಹನವೂ ಅದೇ ದಾರಿಗೆ ಇಳಿಯುವದು.

ಇತರ ಊರುಗಳ ಅನುಭವವನ್ನೂ ನೋಡಬೇಕು. ಬ್ರಾಝಿಲ್ ದೇಶದ ಕುರಿಟಿಬಾ ನಗರವು ೧೯೭೪ರಲ್ಲಿ ಬಸ್ಸಿಗೆ ಪ್ರತ್ಯೇಕ ದಾರಿಯನ್ನು ಕೊಟ್ಟು, ಆ ದಾರಿಗಳ ಅಕ್ಕಪಕ್ಕದಲ್ಲಿಯೇ ಊರು ಬೆಳೆಯುವಂತೆ ಮಾಡಿತು. ೨೦೦೦ದ ಡಿಸೆಂಬರದಲ್ಲಿ ಕೊಲಂಬಿಯಾದ ಬೊಗೋಟಾ ನಗರವೂ, ೨೦೦೯ರಲ್ಲಿ ನಮ್ಮ ಅಹಮದಾಬಾದವೂ ಆ ಮಾರ್ಗವನ್ನು ಹಿಡಿದವು. ದಿಲ್ಲಿಯದು ಬೇರೆ ಕಥೆ. ಅಲ್ಲಿ ೨೦೦೮ರಲ್ಲಿ ೬ ಕಿಲೋಮೀಟರಿಗೂ ಕಡಿಮೆಯ ತುಂಡೊಂದನ್ನು ತೆರೆದರು. ಕಾರಿನವರ ಕೂಗು ಎದ್ದಿತು. ಕಡೆಗೆ ೨೦೧೬ರಲ್ಲಿ ಅದನ್ನು ಒಡೆದುಹಾಕಿದರು. ಒಡೆದದ್ದರಿಂದ ದಿಲ್ಲಿಯ ರಸ್ತೆಗಳೇನೂ ಬಯಲಾಗಲಿಲ್ಲ. ಅರ್ಧಕ್ಕೆ ನಿಂತ ಕೆಲಸವು ಇಡೀ ತತ್ವಕ್ಕೇ ಕೆಟ್ಟ ಹೆಸರು ತರುವದೆಂಬುದೇ ಅಲ್ಲಿಂದ ನಾವು ಕಲಿಯಬೇಕಾದ ಪಾಠವು.

ನಮ್ಮ ಕೆಲಸವೂ ಅರ್ಧಕ್ಕೆ ನಿಂತಿದೆ ಎಂಬುದನ್ನು ಮರೆಮಾಚಲಾಗದು. ಮಳೆಗಾಲದಲ್ಲಿ ಧಾರವಾಡದ ಟೋಲ್ ನಾಕಾದ ಬಳಿ ನೀರು ನಿಂತು ಜನರು ಪಟ್ಟ ಪಾಡನ್ನು ಎಲ್ಲರೂ ಕಂಡಿರುವರು. ನಡುರಸ್ತೆಯ ನಿಲ್ದಾಣವನ್ನು ಸೇರಲು ವಾಹನಗಳ ಹೊಳೆಯನ್ನು ದಾಟಬೇಕು; ಕೂಸನ್ನೆತ್ತಿಕೊಂಡ ತಾಯಿಗೆ ಅದು ಎದೆ ನಡುಗಿಸುವ ಕೆಲಸ. ಬಸ್ಸುಗಳು ಹಳೆಯವಾಗುತ್ತಿವೆ. ನಿಲ್ದಾಣದಿಂದ ಒಳಗಿನ ಓಣಿಗಳಿಗೆ ಹೋಗುವ ಚಿಕ್ಕ ಬಸ್ಸುಗಳು ಸಾಲವು. ಪ್ರಯಾಣವೆಂದರೆ ಮನೆಯ ಬಾಗಿಲಿನಿಂದ ಕೆಲಸದ ಬಾಗಿಲಿನವರೆಗಿನದು; ಬಸ್ಸಿನೊಳಗಿನ ಹೊತ್ತು ಅದರ ಒಂದು ಭಾಗ ಮಾತ್ರ. ಉಳಿದ ಭಾಗವನ್ನು ಲಕ್ಷಿಸದ ಯೋಜನೆಯು ಕಾಗದದ ಮೇಲೆ ಪೂರ್ಣವಾದರೂ ಬಳಕೆಯಲ್ಲಿ ಅಪೂರ್ಣವೇ.

ಇನ್ನೊಂದು ಗಂಭೀರವಾದ ಸಂಗತಿಯಿದೆ. ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆಯನ್ನು ರಚಿಸಲು ರಾಜ್ಯ ಸರಕಾರವು ೨೦೨೫ರ ಜನವರಿಯಲ್ಲಿ ಒಪ್ಪಿಗೆಯಿತ್ತಿತು. ಧಾರವಾಡಿಗರ ಆ ಬೇಡಿಕೆ ಹಳೆಯದು. ಅದರ ಗುಣದೋಷಗಳನ್ನು ನಾವಿಲ್ಲಿ ಎತ್ತುವದಿಲ್ಲ. ಆದರೆ ಪಾಲಿಕೆಗಳು ಎರಡಾದರೂ ದಾರಿಯು ಒಂದೇ. ಆಡಳಿತದ ಗಡಿಗಳು ಜನರ ನಿತ್ಯವ್ಯವಹಾರವನ್ನು ಕಡಿದುಹಾಕಿದರೆ ಆಗುವ ನಷ್ಟವೆಷ್ಟೆಂಬುದನ್ನು ೧೯೫೬ರವರೆಗೆ ಹಲವು ಸರಕಾರಗಳಲ್ಲಿ ಹಂಚಿಹೋಗಿದ್ದ ನಮ್ಮ ನಾಡಿಗೆ ಹೊಸದಾಗಿ ಹೇಳಬೇಕೇ? ಬೆಂಗಳೂರಿನ ಸಾರಿಗೆಯನ್ನು ಒಂದೇ ದೃಷ್ಟಿಯಿಂದ ನೋಡಿಕೊಳ್ಳಲು ೨೦೨೨ರಲ್ಲಿ ಶಾಸನವಾಯಿತು. ಅಂಥದೊಂದು ಅಧಿಕಾರಯುತ ಮಂಡಲವು ಅವಳಿ ನಗರಗಳಿಗೂ ಬೇಕು. ಬಸ್ಸು, ರೇಲ್ವೆ, ಕಾಲುದಾರಿ, ಹೊಸ ಬಡಾವಣೆ ಇವೆಲ್ಲವೂ ಅದರ ಮುಂದೆ ಒಟ್ಟಿಗೆ ಬರಬೇಕು.

ಕಡೆಯದಾಗಿ ನಮ್ಮ ಶಿಕ್ಷಕ ಬಂಧುಗಳಿಗೆ ಒಂದು ವಿಜ್ಞಾಪನೆ. ಈ ವಾದವು ಇದುವರೆಗೆ ಬರಿಯ ಮಾತಿನಿಂದ ನಡೆದಿದೆ, ಲೆಕ್ಕದಿಂದ ನಡೆದಿಲ್ಲ. ಒಂದು ದಿನ ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ಹತ್ತು ಜನ ವಿದ್ಯಾರ್ಥಿಗಳೊಡನೆ ಉಣಕಲ್ಲ ಕೆರೆಯ ಬಳಿ, ರಸ್ತೆಯಿಂದ ದೂರ ಸುರಕ್ಷಿತವಾದ ಸ್ಥಳದಲ್ಲಿ ನಿಂತು ಎಣಿಸಿರಿ, ವಾಹನಗಳನ್ನಲ್ಲ, ಜನರನ್ನು. ಬಸ್ಸಿನಲ್ಲಿ ಎಷ್ಟು ಜನ, ಕಾರಿನಲ್ಲಿ ಎಷ್ಟು ಜನ, ಎರಡು ಬಸ್ಸುಗಳ ನಡುವೆ ಎಷ್ಟು ನಿಮಿಷ ಎಂದು ಬರೆದಿಡಿರಿ. ಬಂದ ಅಂಕೆಯು ನಮ್ಮ ಮತಕ್ಕೆ ವಿರುದ್ಧವಾಗಿದ್ದರೆ ಅದನ್ನೂ ನಾವು ಸಂತೋಷದಿಂದ ಪ್ರಕಟಿಸುವೆವು. ಕೋಟಿಗಟ್ಟಲೆ ಹಣದಿಂದ, ರಸ್ತೆಯಂಚಿನ ಮರಗಳನ್ನು ಬಲಿಗೊಟ್ಟು ಕಟ್ಟಿದ ದಾರಿಯನ್ನು ಉಳಿಸುವದಾಗಲಿ ಅಳಿಸುವದಾಗಲಿ ಆ ಎಣಿಕೆಯ ಮೇಲೆ ನಿಲ್ಲಲಿ. ಎಣಿಸದೆ ಕಟ್ಟುವದು ಒಂದು ತಪ್ಪು. ಎಣಿಸದೆ ಕೆಡವುವದು ಅದಕ್ಕಿಂತ ದೊಡ್ಡ ತಪ್ಪು.