ಚಪಾತಿ ಮಣೆಯ ಮೇಲೆ ಬಳೆ, ಓಲೆ, ಸರ

ಮಹಾನಗರದ ಮನೆಗಳಲ್ಲಿ ಚಿನ್ನ ಬ್ಯಾಂಕಿನ ಲಾಕರಿನಲ್ಲಿರುತ್ತದೆ. ದಿನಬಳಕೆಯ ಒಡವೆಗಳ ಪಾಡು ಬೇರೆ. ಸರಗಳು ಡಬ್ಬಿಯೊಳಗೆ ಗಂಟು ಬಿದ್ದಿರುತ್ತವೆ, ಓಲೆಯ ಜೋಡಿಯಲ್ಲೊಂದು ಕಾಣೆ, ಬಳೆಗಳು ಫ್ರಿಜ್ಜಿನ ಮೇಲೆ. ಅಂಗಡಿಯ ಸ್ಟ್ಯಾಂಡುಗಳು ಚೆಂದವೇ, ಆದರೆ ಹಗುರ. ನಾಲ್ಕು ಡಜನ್ ಗಾಜಿನ ಬಳೆ ಏರಿಸಿದರೆ ವಾಲುತ್ತವೆ. ಈ ಸಲ ಅಡುಗೆಮನೆಯ ಅಟ್ಟದಲ್ಲಿರುವ ಹಳೆಯ ಚಪಾತಿ ಮಣೆ ಮತ್ತು ಲಟ್ಟಣಿಗೆಯನ್ನು ಕೆಳಗಿಳಿಸೋಣ.

ಮಣೆ ಭಾರವಾಗಿರುವುದರಿಂದ ಒಳ್ಳೆಯ ತಳಪಾಯ. ಅದಕ್ಕೆ ಕಾಲುಗಳಿದ್ದರೆ ಕೆಳಗಿನ ಸ್ಕ್ರೂ ಮೇಜನ್ನು ಗೀರುವುದಿಲ್ಲ. ಲಟ್ಟಣಿಗೆಯ ದಪ್ಪವನ್ನು ಮಾತ್ರ ಮೊದಲು ಅಳೆದುಕೊಳ್ಳಿ. ಬಳೆ ಅಂಗಡಿಯವರು 'ಎರಡು ನಾಲ್ಕು' ಎನ್ನುವುದು 2 ಇಂಚು ಮತ್ತು ಒಂದು ಇಂಚಿನ 16ರಲ್ಲಿ 4 ಭಾಗ. ಅಂದರೆ ಒಳಗಿನ ಅಗಲ ಸುಮಾರು 57 ಮಿ.ಮೀ. ಲಟ್ಟಣಿಗೆ 45 ಮಿ.ಮೀ. ಒಳಗಿದ್ದರೆ ಬಳೆಗಳು ಸಲೀಸಾಗಿ ಏರುತ್ತವೆ.

ಎರಡನ್ನೂ ಸೋಪು ನೀರಿನಲ್ಲಿ ಉಜ್ಜಿ ತೊಳೆದು, ಎರಡು ದಿನ ಚೆನ್ನಾಗಿ ಒಣಗಿಸಿ. ಹಿಟ್ಟಿನ ಅಂಶ ಉಳಿದರೆ ಜಿರಳೆ ಬರುತ್ತದೆ. ಆಮೇಲೆ ಮರಳು ಕಾಗದದಿಂದ ನಯಗೊಳಿಸಿ. ಬಡಗಿಯ ಹತ್ತಿರ ಒಂದೂವರೆ ಇಂಚಿನ ಚೌಕದ, 30 ಸೆಂ.ಮೀ. ಉದ್ದದ ಮರದ ತುಂಡು ಕೊಯ್ಯಿಸಿ ತನ್ನಿ. ಇದೇ ಕಂಬ.

ದುಂಡಗಿನ ಲಟ್ಟಣಿಗೆ ಚಪ್ಪಟೆ ಕಂಬದ ಮೇಲೆ ಕೂರುವುದಿಲ್ಲ. ಲಟ್ಟಣಿಗೆಗೇ ಮರಳು ಕಾಗದ ಸುತ್ತಿ, ಕಂಬದ ತಲೆಯ ಮೇಲೆ ಹಿಂದೆ ಮುಂದೆ ಉಜ್ಜಿ. ಅದರದೇ ಆಕಾರದ ಹಳ್ಳ ಬೀಳುತ್ತದೆ. ನಂತರ ಮಣೆಯ ನಡುವೆ, ಲಟ್ಟಣಿಗೆಯ ನಡುವೆ, ಕಂಬದ ಎರಡೂ ತುದಿಗೆ ಸ್ಕ್ರೂಗಿಂತ ಸಣ್ಣ ತೂತು ಕೊರೆಯಿರಿ. ಕೊರೆಯದೆ ಸ್ಕ್ರೂ ತಿರುಗಿಸಿದರೆ ಮರ ಸೀಳುತ್ತದೆ. ಕೂಡುವ ಜಾಗಗಳಿಗೆ ಫೆವಿಕಾಲ್ ಹಚ್ಚಿ, ಕೆಳಗಿನಿಂದೊಂದು, ಮೇಲಿನಿಂದೊಂದು ಉದ್ದನೆಯ ಸ್ಕ್ರೂ ಬಿಗಿದು, ಒಂದು ರಾತ್ರಿ ಮುಟ್ಟದೆ ಬಿಡಿ.

ಇನ್ನು ಓಲೆಗಳು. ಕಸೂತಿಯ 6 ಇಂಚಿನ ರಿಂಗಿಗೆ ಮ್ಯಾಟಿ ಬಟ್ಟೆ ಬಿಗಿದು, ಕಂಬದ ಕೆಳಭಾಗಕ್ಕೆ ದಾರದಿಂದ ಕಟ್ಟಿ. ಓಲೆಯ ಕಡ್ಡಿಯನ್ನು ಬಟ್ಟೆಯ ತೂತಿನಲ್ಲಿ ತೂರಿಸಿ, ಹಿಂದಿನಿಂದ ತಿರುಪು ಹಾಕಿಬಿಟ್ಟರೆ ಜೋಡಿ ಅಗಲುವುದಿಲ್ಲ. ಬಳೆಗಳು ಕಂಬದ ಎರಡೂ ಬದಿಗೆ ಸಮನಾಗಿರಲಿ. ಸರಗಳು ಲಟ್ಟಣಿಗೆಯ ಹಿಡಿಗಳಿಗೆ. 18 ಇಂಚಿನ ಸರ ಸುಮಾರು 23 ಸೆಂ.ಮೀ. ಇಳಿಬೀಳುತ್ತದೆ, ಮಣೆಗೆ ತಾಗುವುದಿಲ್ಲ. ಉದ್ದದ್ದನ್ನು ಎರಡು ಸುತ್ತು ಹಾಕಿ.

ಎಲ್ಲವನ್ನೂ ನೇತು ಹಾಕಬೇಡಿ. ಮುತ್ತಿನ ಸರ ತೂಗುತ್ತಿದ್ದರೆ ಭಾರಕ್ಕೆ ದಾರ ಹಿಗ್ಗುತ್ತದೆ. ಅದನ್ನು ಮಣೆಯ ಮೇಲೆ ಹತ್ತಿಬಟ್ಟೆ ಹಾಸಿ ಮಲಗಿಸಿ. ಗಾಳಿಯಲ್ಲಿನ ಗಂಧಕದ ಅಂಶದಿಂದ ಬೆಳ್ಳಿ ಕಪ್ಪಾಗುತ್ತದೆ, ತೇವವಿದ್ದರೆ ಇನ್ನೂ ಬೇಗ. ಮುಂಬೈ, ಚೆನ್ನೈಯ ಮಳೆಗಾಲದಲ್ಲಿ ಗೆಜ್ಜೆ, ಕಾಲುಂಗುರಗಳನ್ನು ಜಿಪ್ ಚೀಲದಲ್ಲಿ ಸೀಮೆಸುಣ್ಣದ ತುಂಡಿನ ಜೊತೆ ಮುಚ್ಚಿಡಿ. ರಬ್ಬರ್ ಬ್ಯಾಂಡ್ ಮಾತ್ರ ಸುತ್ತಬೇಡಿ, ಅದರಲ್ಲೂ ಗಂಧಕವಿದೆ. ಬೆಲೆಬಾಳುವ ಚಿನ್ನದ ಜಾಗ ಲಾಕರೇ. ಬಯಲಲ್ಲಿಟ್ಟು ಊರಿಗೆ ಹೋಗುವಂತಿಲ್ಲವಲ್ಲ.

ಈ ಸ್ಟ್ಯಾಂಡಿನಿಂದ ಇನ್ನೊಂದು ಲಾಭವಿದೆ. ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕಿವಿಯದ್ದೆಲ್ಲ ಇಯರಿಂಗ್, ಕೊರಳಿನದ್ದೆಲ್ಲ ಚೈನ್. ಬೆಂಡೋಲೆ, ಜುಮಕಿ, ಬುಗುಡಿ, ಅವಲಕ್ಕಿ ಸರ ಎಂಬ ಹೆಸರುಗಳು ಒಡವೆಗಳ ಜೊತೆಗೇ ಲಾಕರು ಸೇರಿವೆ. ಒಂದು ಗ್ರಾಂ ಚಿನ್ನದ್ದೇ ಆಗಲಿ, ಕಣ್ಣೆದುರು ತೂಗುತ್ತಿದ್ದರೆ ಮಗು "ಅಮ್ಮಾ, ಇದೇನು?" ಎಂದು ಕೇಳುತ್ತದೆ. ಆಗ ಕನ್ನಡದ ಹೆಸರನ್ನೇ ಹೇಳಿ.