ಪಿಟೀಲಿನ ಕಿರುಚು: ದೋಷ ಮಗುವಿನದೋ, ಕಮಾನಿನದೋ?

ಬಸವ ಜಯಂತಿಯ ವೇದಿಕೆಯ ಮೇಲೋ ಶಾಲಾ ವಾರ್ಷಿಕೋತ್ಸವದ ಪ್ರಾರ್ಥನೆಯಲ್ಲೋ ಪಿಟೀಲು ಹಿಡಿದು ಕುಳಿತ ಬಾಲಕನು ಮೊದಲ ಷಡ್ಜವನ್ನು ಎಳೆದಾಗ ಸಭೆಯಲ್ಲಿ ಸಣ್ಣದೊಂದು ನಗೆ ಹರಿದಾಡುವುದುಂಟು. ಎಣ್ಣೆ ಕಾಣದ ಗಾಡಿಯ ಅಚ್ಚಿನಂತೆ ತಂತಿಯು ಕಿರುಗುಟ್ಟುತ್ತದೆ. ಬಾಲಕನು ಬೆವರುತ್ತಾನೆ, ಕಮಾನನ್ನು ಇನ್ನಷ್ಟು ಒತ್ತುತ್ತಾನೆ, ಕಿರುಚು ಇಮ್ಮಡಿಯಾಗುತ್ತದೆ. ಮರುವರ್ಷ ಅವನು ಆ ವಾದ್ಯದ ಬಳಿ ಸುಳಿಯುವುದಿಲ್ಲ. 'ಅವನಿಗೆ ಸಂಗೀತದ ಸಂಸ್ಕಾರವಿಲ್ಲ' ಎಂಬ ತೀರ್ಪು ಅಷ್ಟರಲ್ಲಿ ಹೊರಬಿದ್ದಿರುತ್ತದೆ. ಆ ತೀರ್ಪು ಅನೇಕ ವೇಳೆ ಅನ್ಯಾಯದ್ದು. ವಾದ್ಯವನ್ನು ಪರೀಕ್ಷಿಸದೆ ಮಗುವನ್ನು ಪರೀಕ್ಷಿಸುವುದು ಗುರುವಾದವನಿಗೆ ಒಪ್ಪುವ ಕ್ರಮವಲ್ಲ.

ಕಮಾನು ತಂತಿಯನ್ನು ಹೇಗೆ ನುಡಿಸುತ್ತದೆ ಎಂಬುದನ್ನು ಅರಿತರೆ ಈ ಮಾತು ಸ್ಪಷ್ಟವಾದೀತು. ಕುದುರೆಯ ಬಾಲದ ಕೂದಲು ತಾನಾಗಿ ನಾದವನ್ನು ಹೊರಡಿಸಲಾರದು. ಅದಕ್ಕೆ ಸವರಿದ ರಾಳವು ತಂತಿಯನ್ನು ಅಂಟಿ ಹಿಡಿದು ಸ್ವಲ್ಪ ದೂರ ಒಯ್ಯುತ್ತದೆ. ಬಿಗಿತ ಮಿತಿಮೀರಿದೊಡನೆ ತಂತಿಯು ಜಾರಿ ಹಿಂದಕ್ಕೆ ಸಿಡಿಯುತ್ತದೆ. ಮತ್ತೆ ಅಂಟುತ್ತದೆ, ಮತ್ತೆ ಜಾರುತ್ತದೆ. ಕ್ಷಣಕ್ಕೆ ನೂರಾರು ಬಾರಿ ಈ ಹಿಡಿತ-ಬಿಡಿತಗಳು ಕ್ರಮ ತಪ್ಪದೆ ನಡೆದರೆ ನಾದ. ಕ್ರಮ ತಪ್ಪಿದರೆ ಕಿರುಚು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಕಂಡನು. ಮುಂದೆ ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದ ನಿರ್ದೇಶಕರಾದ ಸಿ. ವಿ. ರಾಮನ್ನರು ಕಲ್ಕತ್ತೆಯಲ್ಲಿದ್ದಾಗ, 1918ರಲ್ಲಿ, ಕಮಾನಿನಿಂದ ನುಡಿಯುವ ತಂತಿಗಳ ಕಂಪನವನ್ನು ಕುರಿತು ಒಂದು ಪ್ರೌಢ ಪ್ರಬಂಧವನ್ನೇ ಪ್ರಕಟಿಸಿದರು. ಬಳಿಕ ಯಂತ್ರದಿಂದ ಪಿಟೀಲನ್ನು ನುಡಿಸಿ ಕಮಾನಿನ ಭಾರವನ್ನು ಅಳೆದರು. ಕಮಾನು ಕುದುರೆಗೆ ಸಮೀಪಿಸಿದಷ್ಟೂ ಹೆಚ್ಚು ಭಾರ ಬೇಕು, ದೂರ ಸರಿದಷ್ಟೂ ಕಡಿಮೆ ಸಾಕು. ನೊಬೆಲ್ ಪಾರಿತೋಷಕ ಪಡೆಯಲಿದ್ದ ವಿಜ್ಞಾನಿಗೆ ಪ್ರಯೋಗಶಾಲೆಯ ವಿಷಯವಾದದ್ದು ಹತ್ತು ವರ್ಷದ ಬಾಲಕನಿಗೆ ಒಮ್ಮೆಲೇ ಕೈಗೂಡಲಿಲ್ಲವೆಂದು ನಗುವುದು ಎಷ್ಟು ಸರಿ?

ಆದುದರಿಂದ ಮೊದಲು ನೋಡಬೇಕಾದದ್ದು ರಾಳವನ್ನು. ಹೊಸ ಕಮಾನಿಗೆ ರಾಳವನ್ನೇ ಸವರದೆ ಮಕ್ಕಳ ಕೈಗೆ ಕೊಟ್ಟು, 'ಪಿಟೀಲು ಮೂಕವಾಗಿದೆ' ಎಂದು ಹಿಂತಿರುಗಿಸಿದವರೂ ಇದ್ದಾರೆ. ಹೊಸ ರಾಳದ ಬಿಲ್ಲೆಯ ಮೈ ಗಾಜಿನಂತೆ ನುಣುಪಾಗಿರುತ್ತದೆ. ಉಪ್ಪುಕಾಗದದಿಂದ ಒಮ್ಮೆ ಉಜ್ಜದಿದ್ದರೆ ಕೂದಲಿಗೆ ಏನೂ ಹತ್ತದು. ಅತಿಯಾದರೂ ಕೇಡೇ. ತಂತಿಯ ಮೇಲೆ ಬಿಳಿಯ ಹುಡಿ ಗಟ್ಟಿಕೊಂಡು ದನಿ ಮರಳು ಮರಳಾಗುತ್ತದೆ. ನುಡಿಸಿದ ಮೇಲೆ ಮೆತ್ತನೆಯ ಬಟ್ಟೆಯಿಂದ ತಂತಿಯನ್ನೂ ಹಲಗೆಯನ್ನೂ ಒರೆಸುವ ಅಭ್ಯಾಸವಿದ್ದರೆ ಸಾಕು. ಇನ್ನು ಎಣ್ಣೆಯ ವಿಷಯ. ಭಾನುವಾರ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಸಿಕೊಂಡ ಮಗು ಅದೇ ಬೆರಳುಗಳಿಂದ ಕಮಾನಿನ ಕೂದಲನ್ನು ಸವರಿದರೆ ಆ ಭಾಗದಲ್ಲಿ ರಾಳ ನಿಲ್ಲದು; ಕಮಾನು ಅಲ್ಲಿಗೆ ಬಂದಾಗಲೆಲ್ಲ ದನಿ ಜಾರಿಹೋಗುತ್ತದೆ. ತಾಯಂದಿರನ್ನು ಇದಕ್ಕಾಗಿ ದೂರಬೇಕಿಲ್ಲ. ಕೂದಲನ್ನು ಮುಟ್ಟಬಾರದೆಂದು ಮೊದಲ ದಿನವೇ ಕಲಿಸಿದರಾಯಿತು.

ಮಳೆಗಾಲದ ತೇವಕ್ಕೆ ಕುದುರೆಗೂದಲು ಉದ್ದವಾಗಿ ಸಡಿಲಗೊಳ್ಳುತ್ತದೆ, ಒಣಹವೆಯಲ್ಲಿ ಬಿಗಿಯುತ್ತದೆ. ರೇಷ್ಮೆಹುಳು ಸಾಕುವ ಮನೆಯಲ್ಲಿ ಹವೆಯ ತೇವವನ್ನು ಎಷ್ಟು ಎಚ್ಚರದಿಂದ ಕಾಯಬೇಕೆಂಬುದು ರಾಮನಗರ, ಕನಕಪುರ, ಮಾಗಡಿಗಳ ರೈತಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಮಾನಿಗೂ ಅಂಥದೇ ಎಚ್ಚರ ಬೇಕು. ನುಡಿಸುವಾಗ ತಿರುಪನ್ನು ಬಿಗಿದು, ಮುಗಿದೊಡನೆ ಸಡಿಲಿಸಬೇಕು. ಬಿಗಿದೇ ಬೀರುವಿನಲ್ಲಿಟ್ಟ ಕಮಾನಿನ ಕಡ್ಡಿ ತನ್ನ ಬಾಗನ್ನು ಕಳೆದುಕೊಂಡು ಕೆಲಸಕ್ಕೆ ಬಾರದಾಗುತ್ತದೆ.

ಈ ಸೀಮೆಯವರಿಗೆ ತಂತಿಯ ವಿಷಯ ಹೊಸದಲ್ಲ. ಚನ್ನಪಟ್ಟಣವೆಂದರೆ ಇಂದು ಹಾಲೆಮರದ ಬಣ್ಣದ ಗೊಂಬೆಗಳು ನೆನಪಾಗುತ್ತವೆ. ಆದರೆ ಹಳೆಯ ಗೆಜೆಟಿಯರುಗಳನ್ನು ತಿರುವಿದವರಿಗೆ ಆ ಊರು ಸಂಗೀತವಾದ್ಯಗಳಿಗೆ ಬೇಕಾದ ನಯವಾದ ಉಕ್ಕಿನ ತಂತಿಗೂ ಹೆಸರಾಗಿತ್ತೆಂಬುದು ತಿಳಿದಿದೆ. ಅಂಥ ಸೀಮೆಯ ಶಾಲೆಗಳಲ್ಲಿಯೇ ತುಕ್ಕು ಹಿಡಿದ ತಂತಿಯ ಮೇಲೆ ಮಕ್ಕಳು ಸರಳೆವರಸೆ ನುಡಿಸಬೇಕಾಗಿ ಬರುವುದು ವಿಷಾದದ ಸಂಗತಿ. ಹಳತಾದ ತಂತಿಯನ್ನು ಎಷ್ಟು ತಿರುವಿದರೂ ಶ್ರುತಿ ನಿಲ್ಲದು. ಬದಲಾಯಿಸುವಾಗ ಒಂದೊಂದಾಗಿ ಬದಲಾಯಿಸಬೇಕು. ನಾಲ್ಕನ್ನೂ ಒಮ್ಮೆಗೇ ಬಿಚ್ಚಿದರೆ ಕುದುರೆ ಬೀಳುತ್ತದೆ. ಕೆಲವೊಮ್ಮೆ ಒಳಗೆ ಎರಡು ಹಲಗೆಗಳ ನಡುವೆ ನಿಂತಿರುವ ಸೌಂಡ್ ಪೋಸ್ಟ್ ಎಂಬ ಕಿರುಗಂಬವೂ ಬೀಳುತ್ತದೆ. ಫ್ರೆಂಚರು ಆ ಕಂಬವನ್ನು ಆತ್ಮವೆಂದೇ ಕರೆಯುತ್ತಾರೆ. ಅದು ಬಿದ್ದ ಪಿಟೀಲಿನ ದನಿ ಟೊಳ್ಳಾಗುತ್ತದೆ. ಆಗ ಕುಶಲನಾದ ಕೆಲಸಗಾರನ ಹೊರತು ಬೇರೆಯವರು ಕೈಹಾಕಬಾರದು. ಕುದುರೆಯು ಮುಂದಕ್ಕೆ ವಾಲಿದ್ದರೆ ಮಾತ್ರ ಉಪಾಧ್ಯಾಯರೇ ತಂತಿಗಳನ್ನು ತುಸು ಸಡಿಲಿಸಿ ಮೆಲ್ಲನೆ ನೆಟ್ಟಗೆ ನಿಲ್ಲಿಸಬಹುದು.

ಇಷ್ಟೂ ಸರಿಯಿದ್ದು ದನಿ ಕೆಟ್ಟರೆ ಆಗ ಮಗುವಿನ ಕೈಯನ್ನು ನೋಡಬೇಕು. ನಮ್ಮ ಪದ್ಧತಿಯಲ್ಲಿ ನೆಲದ ಮೇಲೆ ಕುಳಿತು ಪಿಟೀಲಿನ ತಲೆಯನ್ನು ಬಲಪಾದದ ಮೇಲೆ ಊರಿಕೊಳ್ಳುವುದರಿಂದ ವಾದ್ಯವು ಕೆಳಮುಖವಾಗಿರುತ್ತದೆ. ಹೊಸಬನ ಕಮಾನು ಆ ಇಳಿಜಾರಿನಲ್ಲಿ ಬೆರಳುಹಲಗೆಯ ಕಡೆಗೆ ಜಾರಿ ಓರೆಯಾಗುವುದು ಸಹಜ. ಓರೆ ಎಳೆದ ಕಮಾನು ಸಿಳ್ಳು ಹೊರಡಿಸುತ್ತದೆ. ಷಡ್ಜ ಪಂಚಮಗಳಿಗೆ ಶ್ರುತಿ ಮಾಡಿದ ತಂತಿಗಳು ಪಾಶ್ಚಾತ್ಯರ ತಂತಿಗಳಿಗಿಂತ ಸಾಮಾನ್ಯವಾಗಿ ಸಡಿಲವಾಗಿರುವುದರಿಂದ ಅತಿಯಾಗಿ ಒತ್ತಿದರೆ ಗಂಟಲು ಹಿಸುಕಿದಂತಾಗುತ್ತದೆ. ಅಂಜಿ ತೇಲಿಸಿದರೋ ದನಿ ಗಾಳಿಯಾಗಿ ಒಡೆಯುತ್ತದೆ. ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಹಿಡಿಯುವಾಗ ಎಷ್ಟು ಒತ್ತಿದರೆ ಕಾವು ಹುಟ್ಟಿ ಬಣ್ಣ ಸಮನಾಗಿ ಹರಡೀತೆಂಬುದು ಅವನ ಕೈಗೆ ಗೊತ್ತು. ಅದನ್ನು ಅವನು ಒಂದು ದಿನದಲ್ಲಿ ಕಲಿತಿಲ್ಲ. ಒಂದೇ ತಂತಿಯ ಮೇಲೆ, ಬೆರಳನ್ನೇ ಇಡದೆ, ಕುದುರೆಗೂ ಬೆರಳುಹಲಗೆಗೂ ನಡುವೆ, ಉದ್ದನೆಯ ನಿಧಾನದ ಎಳೆತವನ್ನು ದಿನವೂ ಹತ್ತು ನಿಮಿಷ ಮಾಡಿಸುವ ಬದಲು ವಾರ್ಷಿಕೋತ್ಸವಕ್ಕೆಂದು ಅವಸರದಲ್ಲಿ ಒಂದು ಕೀರ್ತನೆ ಕಲಿಸುವ ಪರಿಪಾಠವೇ ಅನೇಕ ಕಿರುಚುಗಳ ಮೂಲ.

ಮೈಸೂರಿನ ಟಿ. ಚೌಡಯ್ಯನವರು 1927ರಲ್ಲಿ ಪಿಟೀಲಿನ ನಾಲ್ಕು ತಂತಿಗಳಿಗೆ ಮೂರನ್ನು ಸೇರಿಸಿ ಏಳಾಗಿಸಿದ್ದು ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು. ದನಿ ಸಾಲದಾದಾಗ ಅಂಥ ಮಹಾವಿದ್ವಾಂಸರೂ ವಾದ್ಯವನ್ನು ತಿದ್ದಿದರು ಎಂಬುದು ಗಮನಾರ್ಹ. ಅವರ ನೆನಪಿಗೆ ಬೆಂಗಳೂರಿನಲ್ಲಿ 1980ರಲ್ಲಿ ಪಿಟೀಲಿನ ಆಕಾರದ ಭವನವೇ ಎದ್ದಿತು.

ದಾಸೋಹವನ್ನು ಉಸಿರಾಗಿಸಿಕೊಂಡ ಮಠಗಳ ಶಾಲೆಗಳಿಗೆ ವಾದ್ಯಗಳನ್ನು ಕೊಡುವ ಉದಾರಿಗಳಿಗೆ ಕೊರತೆಯಿಲ್ಲ. ಕಿನ್ನರಿ ನುಡಿಸಿ ಕಿನ್ನರಿ ಬೊಮ್ಮಯ್ಯನೆಂದೇ ಹೆಸರಾದ ಶರಣನ ಪರಂಪರೆಯಲ್ಲಿ ಅದು ಸಹಜವೇ. ಆದರೆ ಪಿಟೀಲಿನ ಪೆಟ್ಟಿಗೆಯ ಮೇಲೆ ದಾನಿಯ ಹೆಸರನ್ನು ಬರೆಸಿದ ಮೇಲೆ ಅದರೊಳಗಿನ ತಂತಿಗೆ, ರಾಳಕ್ಕೆ, ಕಮಾನಿನ ಹೊಸ ಕೂದಲಿಗೆ ಹಣ ಕೇಳಲು ಉಪಾಧ್ಯಾಯರು ಸಂಕೋಚಪಡುತ್ತಾರೆ, ಕೊಡಲು ಯಾರಿಗೂ ಹೊಳೆಯುವುದಿಲ್ಲ. ಹಸುವನ್ನು ದಾನ ಮಾಡಿದವನು ಮೇವಿನ ವಿಚಾರವನ್ನೂ ಕೇಳುತ್ತಾನಲ್ಲವೆ? ಮುಂದಿನ ವರ್ಷ ಹಳೆಯ ವಿದ್ಯಾರ್ಥಿಗಳು ಹೊಸದೊಂದು ಪಿಟೀಲನ್ನು ಕೊಡಲು ಯೋಚಿಸಿದರೆ, ಬೀರುವಿನಲ್ಲಿ ಈಗಾಗಲೇ ಇರುವವುಗಳನ್ನು ಹೊರತೆಗೆಸಿ, ಎಷ್ಟು ಕಮಾನುಗಳಲ್ಲಿ ಕೂದಲು ಉಳಿದಿದೆಯೆಂದು ಮೊದಲು ಎಣಿಸಿ ನೋಡಲಿ.