ತೆಳುವಾಗುವ ತಲೆಬುರುಡೆ: ಅಂಜಿಕೆ ಬೇಡ, ಅಲಕ್ಷ್ಯವೂ ಸಲ್ಲದು

ನೆತ್ತಿಯ ಇಕ್ಕೆಲಗಳಲ್ಲಿರುವ ಪೆರೈಟಲ್ ಮೂಳೆಗಳು ಕೆಲವು ವೃದ್ಧರಲ್ಲಿ, ಅದರಲ್ಲಿಯೂ ಮಹಿಳೆಯರಲ್ಲಿ, ಕ್ರಮೇಣ ತೆಳುವಾಗುವುದುಂಟು. ಹೊರಪದರವೂ ನಡುವಣ ಮೃದುಪದರವೂ ಸವೆಯುತ್ತವೆ. ಮಿದುಳಿನ ಕಡೆಯ ಒಳಪದರ ಸಾಮಾನ್ಯವಾಗಿ ಉಳಿಯುತ್ತದೆ. ಪ್ರಾಚೀನ ಈಜಿಪ್ಟಿನ ತಲೆಬುರುಡೆಗಳಲ್ಲಿಯೂ ಕಂಡುಬಂದಿರುವ ಈ ಅಪರೂಪದ ಸ್ಥಿತಿಗೆ ನಿಶ್ಚಿತ ಕಾರಣ ಇನ್ನೂ ಗೊತ್ತಾಗಿಲ್ಲ.

ಸಾಮಾನ್ಯವಾಗಿ ನೋವಿಲ್ಲದ ಕಾರಣ, ಬೇರಾವುದೋ ತೊಂದರೆಗೆಂದು ಮಾಡಿಸಿದ ಸಿ.ಟಿ. ಸ್ಕ್ಯಾನ್‌ನಲ್ಲಿ ಇದು ಆಕಸ್ಮಿಕವಾಗಿ ಗೋಚರಿಸುತ್ತದೆ. ವರದಿಯ ಆ ಒಂದು ಸಾಲನ್ನು ‘ವಯೋಸಹಜ’ವೆಂದು ಬದಿಗಿಡುವುದು ಉಚಿತವಲ್ಲ. ಇಂತಹ ತಲೆಗೆ ಸಣ್ಣ ಪೆಟ್ಟೂ ಬಿರುಕು ತರಬಲ್ಲದು. ಆದುದರಿಂದ ವೈದ್ಯರು ಅದನ್ನು ಮನೆಯವರಿಗೆ ತಿಳಿಯಹೇಳಬೇಕು. ಮೂಳೆ ಸವೆತಕ್ಕೆ ಅನ್ಯ ರೋಗವೇನಾದರೂ ಕಾರಣವೇ ಎಂದು ಪರೀಕ್ಷಿಸಬೇಕು.

ಬಹುತೇಕರಿಗೆ ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲ. ಅಗತ್ಯವಿರುವುದು ಬೀಳದಂತೆ ಕಾಯುವ ಎಚ್ಚರ. ಬಚ್ಚಲಿನ ನೆಲ ಜಾರದಿರಲಿ, ಗೋಡೆಗೆ ಹಿಡಿಕೆಯಿರಲಿ, ರಾತ್ರಿ ಓಡಾಡುವೆಡೆ ದೀಪವಿರಲಿ. ತಲೆಸುತ್ತು ತರುವ ಮಾತ್ರೆಗಳ ಕುರಿತು ವೈದ್ಯರನ್ನು ವಿಚಾರಿಸಿರಿ. ತಲೆಗೆ ಪೆಟ್ಟಾದರೆ ವಾಂತಿ, ಮಂಪರು ಕಾಣುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹಿರಿಯರ ಸೇವೆಯೆಂದರೆ ಅವರು ಬಿದ್ದ ಬಳಿಕ ಆರೈಕೆ ಮಾಡುವುದಷ್ಟೇ ಅಲ್ಲ, ಬೀಳದಂತೆ ನೋಡಿಕೊಳ್ಳುವುದೂ ಹೌದು.